ಹೆಂಡತಿ ಬರೆದ ವರದಿ

ಲಿಫ್ಟ್ ಮೇಸ್ತ್ರಿಯ ಕೈಬರಹ ಚೆಂದ ಎಂದು ಕಂಪನಿಯಲ್ಲೆಲ್ಲ ಹೆಸರಾಗಿತ್ತು. ಮುತ್ತು ಪೋಣಿಸಿದಂಥ ಅಕ್ಷರ, ಒಂದೇ ಒಂದು ಚಿತ್ತು ಇಲ್ಲ, ಸಾಲು ಅತ್ತಿತ್ತ ಬಾಗಿದ್ದಿಲ್ಲ. ದಿನದ ವರದಿ ಹೇಗೆ ಬರೆಯಬೇಕು ಎಂದು ಹೊಸಬರಿಗೆ ತೋರಿಸಲು ಆಫೀಸಿನವರು ಅವನ ಪುಸ್ತಕವನ್ನೇ ತೆಗೆದು ಮುಂದಿಡುತ್ತಿದ್ದರು. ಆ ಅಕ್ಷರ ಅವನದಲ್ಲ, ಅವನ ಹೆಂಡತಿಯದು ಎಂಬುದು ಅವರ ಮನೆಯ ನಾಲ್ಕು ಗೋಡೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಹೆಂಡತಿ ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸದವಳು. ಅವಳ ಅಳತೆ ಒಂದು ಬೆರಳೂ ತಪ್ಪುವುದಿಲ್ಲ ಎಂದು ಅಲ್ಲಿ ಎಲ್ಲರೂ ಅವಳನ್ನು ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಸಂಜೆ ಮನೆಗೆ ಬಂದು ಒಲೆಯ ಮೇಲೆ ಚಹಾಕ್ಕೆ ಇಟ್ಟಳೆಂದರೆ, ಮೇಸ್ತ್ರಿ ಕೈಯ ಗ್ರೀಸನ್ನು ಮೊಣಕೈವರೆಗೂ ತಿಕ್ಕಿ ತೊಳೆದು ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದ. ಯಾವ ಕಟ್ಟಡ, ಯಾವ ಲಿಫ್ಟು, ಬಾಗಿಲು ಯಾಕೆ ಸಿಕ್ಕಿಕೊಳ್ಳುತ್ತಿತ್ತು, ಉಕ್ಕಿನ ಹಗ್ಗ ಎಷ್ಟು ಸವೆದಿದೆ, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದ. ಅವಳು ಬರೆಯುತ್ತಿದ್ದಳು. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು. ಲಿಫ್ಟಿನ ಗುಂಡಿ ಒತ್ತುವುದು ಬಿಟ್ಟು ಬೇರೇನೂ ತಿಳಿಯದಿದ್ದ ಹೆಂಗಸಿಗೆ ಈಗ ಕಣ್ಣುಮುಚ್ಚಿ ಒಂದನ್ನು ಬಿಚ್ಚಿ ಜೋಡಿಸುವಷ್ಟು ವಿದ್ಯೆ ಬಂದಿತ್ತು.

ವಿಷಯ ಅವಳಿಗೆ ತಿಳಿದದ್ದು ಮದುವೆಯಾದ ಮೂರನೇ ವಾರದಲ್ಲಿ. ಅವಳ ತಮ್ಮ ಭಾವನಿಗೆಂದು ಒಂದು ಕಾಗದ ಬರೆದಿದ್ದ. ಮೇಸ್ತ್ರಿ ಅದನ್ನು ಒಂದಷ್ಟು ಹೊತ್ತು ನೋಡಿ, ಮಡಚಿ ಜೇಬಿಗಿಟ್ಟುಕೊಂಡು, “ಚೆನ್ನಾಗಿ ಬರೆದಿದ್ದಾನೆ. ಎಲ್ಲರೂ ಕ್ಷೇಮವಂತೆ,” ಎಂದ. ಬಟ್ಟೆ ಒಗೆಯುವಾಗ ಜೇಬಿನಿಂದ ಕಾಗದ ಸಿಕ್ಕಿತು. ತಮ್ಮ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ.

ಅವಳು ರೇಗಲಿಲ್ಲ. ಮಕ್ಕಳ ಓದುಪುಸ್ತಕವೊಂದನ್ನು ತಂದು, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ಓದಿಸಲು ನೋಡಿದಳು. ಒಂದೇ ಪದ ಮೇಲಿನ ಸಾಲಿನಲ್ಲಿ ಓದಿದವನಿಗೆ ಕೆಳಗಿನ ಸಾಲಿನಲ್ಲಿ ಅದು ಗುರುತು ಸಿಗುತ್ತಿರಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದು ಹೋಗುತ್ತಿತ್ತು. ನಾಲ್ಕು ಸಂಜೆ ಕೂತ. ಐದನೆಯ ಸಂಜೆ ಪುಸ್ತಕ ಅಟ್ಟ ಸೇರಿತ್ತು. ಕೆಲವರ ತಲೆಗೆ ಅಕ್ಷರ ಹತ್ತುವುದೇ ಇಲ್ಲ, ಏನು ಮಾಡಲಿಕ್ಕಾಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮನುಷ್ಯ ಒಳ್ಳೆಯವನು, ಕೆಲಸಗಾರ, ಮಾತಿಗೆ ತಪ್ಪುವವನಲ್ಲ. ಅವನ ಕೈಲಾಗದ್ದಕ್ಕೆ ತಾನು ಕೈಯಾದರೆ ಆಯಿತು. ಅಂದಿನಿಂದ ಅವನ ಕಾಗದ, ಅರ್ಜಿ, ಬಸ್ಸಿನ ಬೋರ್ಡು, ಔಷಧಿಯ ಚೀಟಿ ಎಲ್ಲವೂ ಅವಳ ಪಾಲಿಗೆ ಬಂದವು. ಕಂಪನಿ ಕೊಟ್ಟ ಸುರಕ್ಷತೆಯ ದಪ್ಪ ಪುಸ್ತಕವನ್ನು ಪುಟ ಪುಟ ಓದಿ ಹೇಳಿದಳು. ಅವನು ಬಾಯಿಪಾಠ ಮಾಡಿಕೊಂಡ.

ಎಲ್ಲ ಸರಿಯಾಗಿಯೇ ಇತ್ತು, ಕಂಪನಿ ವರದಿ ಪುಸ್ತಕ ನಿಲ್ಲಿಸಿ ಎಲ್ಲರ ಕೈಗೂ ಒಂದೊಂದು ಫೋನು ಕೊಡುವವರೆಗೆ. ಇನ್ನು ಮೇಲೆ ಕೆಲಸ ಮುಗಿದಲ್ಲೇ ನಿಂತು ವರದಿ ತುಂಬಿಸಿ ಕಳಿಸಬೇಕು. ಮನೆಗೆ ಒಯ್ಯುವ ಹಾಗಿಲ್ಲ. ಮೇಸ್ತ್ರಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಹೆಂಡತಿಯೇ ದಾರಿ ಹುಡುಕಿದಳು. ಅವನು ಯಂತ್ರದ ಕೋಣೆಯಿಂದ ಅವಳಿಗೆ ಫೋನು ಮಾಡಿ ಹೇಳುವುದು, ಅವಳು ಅಂಗಡಿಯಲ್ಲಿ ಕೂತೇ ತನ್ನ ಫೋನಿನಲ್ಲಿ ಅವನ ಹೆಸರಿನ ವರದಿ ತೆರೆದು ತುಂಬಿಸುವುದು. ಏಳು ತಿಂಗಳು ಇದೂ ನಡೆಯಿತು.

ಆ ಮಧ್ಯಾಹ್ನ ಅಂಗಡಿಯಲ್ಲಿ ಮೂರು ಹೊಲಿಗೆ ಮಿಷನ್ನುಗಳೂ ಒಟ್ಟಿಗೆ ಓಡುತ್ತಿದ್ದವು. ಹೋಟೆಲೊಂದರ ನಲವತ್ತು ಪರದೆಗಳು ಸಂಜೆಯೊಳಗೆ ಹೋಗಬೇಕಿತ್ತು. ಅಂಗಡಿಯ ಯಜಮಾನಿ ಮೇಜಿನ ಆಚೆ ನಿಂತು, “ಆಯ್ತಾ ಕತ್ತರಿಯಮ್ಮ, ಆಯ್ತಾ?” ಎಂದು ಜೀವ ತಿನ್ನುತ್ತಿದ್ದಳು. ಆಗಲೇ ಗಂಡನ ಫೋನು ಬಂತು. ಹನ್ನೊಂದು ಮಹಡಿಯ ಹಳೇ ಕಟ್ಟಡ. ಬ್ರೇಕಿನ ಪಟ್ಟಿ ಸವೆದಿದೆ, ಹೊಸದು ಹಾಕಿಲ್ಲ, ಲಿಫ್ಟು ನಿಲ್ಲಿಸಿದ್ದೇನೆ, ನಾಳೆ ನೋಡಬೇಕು ಎಂದು ಅವನು ಹೇಳಿದ. ಮಿಷನ್ನಿನ ಸದ್ದಿನಲ್ಲಿ ಅವಳ ಕಿವಿಗೆ ಬಿದ್ದದ್ದು ಬ್ರೇಕಿನ ಪಟ್ಟಿ, ಹೊಸದು, ನಾಳೆ ನೋಡಬೇಕು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, “ಹೂಂ, ಹೂಂ, ಆಯ್ತು,” ಎಂದಳು. ಪಟ್ಟಿ ಹೊಸದು ಹಾಕಿದೆ, ನಾಳೆ ಇನ್ನೊಮ್ಮೆ ನೋಡಬೇಕು ಎಂದು ಬರೆದಳು. ಲಿಫ್ಟು ಚಾಲೂ ಇದೆಯೇ ಎಂಬಲ್ಲಿ ಹೌದು ಎಂದು ಒತ್ತಿ ಕಳಿಸಿದಳು.

ಮರುದಿನ ಬೆಳಗಿನ ಪಾಳಿಗೆ ಬಂದವನು ಉದ್ದಣ್ಣ. ಆಳು ಆರಡಿಯ ಮೇಲೆ ಇದ್ದುದರಿಂದ ಬಂದ ಹೆಸರು. ಅವನು ವರದಿ ಓದಿದ. ಎಲ್ಲ ಸರಿಯಾಗಿದ್ದೂ ಮೇಸ್ತ್ರಿ ಸ್ವಿಚ್ಚು ಹಾಕಲು ಮರೆತಿದ್ದಾನೆ ಎಂದುಕೊಂಡು, ಬಾಗಿಲಿಗೆ ತೂಗುಹಾಕಿದ್ದ ಬೋರ್ಡನ್ನು ತೆಗೆದು ಲಿಫ್ಟು ಚಾಲೂ ಮಾಡಿದ. ಹತ್ತು ಗಂಟೆಗೆ ಏಳನೇ ಮಹಡಿಯ ನಿವೃತ್ತ ನರ್ಸಮ್ಮ ಹಣ್ಣಿನ ಅಂಗಡಿಯಿಂದ ಬಂದು ಲಿಫ್ಟು ಹತ್ತಿದಳು. ಲಿಫ್ಟು ಏಳರಲ್ಲಿ ನಿಲ್ಲದೆ ಇನ್ನೂ ಒಂದು ಮಾರು ಮೇಲಕ್ಕೆ ಜಾರಿ, ಸುರಕ್ಷತೆಯ ಹಿಡಿತಕ್ಕೆ ಸಿಕ್ಕಿ ಧಡಕ್ಕೆಂದು ನಿಂತುಬಿಟ್ಟಿತು. ಮುಕ್ಕಾಲು ಗಂಟೆ ಅವಳು ಎರಡು ಮಹಡಿಗಳ ನಡುವೆ ಕೂತಿದ್ದಳು. ಯಾರಿಗೂ ಏನೂ ಆಗಲಿಲ್ಲ. ಹೊರಗೆ ಬಂದಾಗ ಚೀಲದಲ್ಲಿದ್ದ ದ್ರಾಕ್ಷಿ ಅರ್ಧ ಖಾಲಿಯಾಗಿತ್ತು. “ಹೆದರಿಕೆಗೆ ತಿಂದೆನಪ್ಪ, ಹಸಿವಿಗಲ್ಲ,” ಎಂದಳಂತೆ.

ಆದರೆ ಆಗಬಾರದ್ದು ಆಗಬಹುದಿತ್ತು. ಚೀಫ್ ಇಂಜಿನಿಯರ್ ಮೇಡಂ ಮೇಸ್ತ್ರಿಯನ್ನು ಕರೆಸಿ ವರದಿ ತೋರಿಸಿ ಕೇಳಿದರು. ಅವನು ಫೋನಿನ ಪರದೆಯ ಮೇಲಿನ ಸಾಲುಗಳನ್ನು ನೋಡುತ್ತ ನಿಂತು, “ನನ್ನ ತಪ್ಪು ಮೇಡಂ. ಗಮನ ಇರಲಿಲ್ಲ,” ಎಂದಷ್ಟೇ ಹೇಳಿದ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದರು.

ಅವಳು ಸಂಜೆ ಮನೆಗೆ ಬಂದಾಗ ಅವನು ಷೂ ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದ. ಏನಾಯಿತು ಎಂದು ಕೇಳಿ, ಫೋನು ತೆಗೆದು ತಾನೇ ಬರೆದದ್ದನ್ನು ಓದಿಕೊಂಡಳು. ಇನ್ನೊಮ್ಮೆ ಓದಿದಳು.

“ರೀ, ಇದು ನಾನು ಮಾಡಿದ ತಪ್ಪು. ನೀವು ಹಾಕಿಲ್ಲ ಅಂದಿದ್ದು ನನಗೆ ಕೇಳಿಸ್ಲೇ ಇಲ್ಲ, ಹಾಕಿದೆ ಅಂತ ಬರೆದೆ. ನಾಳೆನೇ ಹೋಗಿ ಹೇಳ್ತೀನಿ.”

“ಏನಂತ ಹೇಳ್ತೀಯ?”

“ಇದ್ದದ್ದನ್ನ.”

“ಬೇಡ.” ಅವನ ದನಿ ಏರಲಿಲ್ಲ. “ಗಮನ ಇಲ್ಲದವನು ಅಂತ ಅನ್ನಲಿ, ಪರವಾಗಿಲ್ಲ. ಬೇಜವಾಬ್ದಾರಿ ಅನ್ನಲಿ. ದಡ್ಡ ಅಂತ ಮಾತ್ರ ಅನ್ನಿಸಿಕೊಳ್ಳಲ್ಲ. ಅದನ್ನ ಸ್ಕೂಲಲ್ಲೇ ಒಂದು ಜನ್ಮಕ್ಕಾಗುವಷ್ಟು ಅನ್ನಿಸಿಕೊಂಡಿದ್ದೀನಿ.”

ಅವಳು ಎದ್ದು ಒಲೆ ಹಚ್ಚಿದಳು. ಆದರೆ ತನ್ನ ತಪ್ಪನ್ನು ಇನ್ನೊಬ್ಬರು ತಲೆಯ ಮೇಲೆ ಹೊತ್ತುಕೊಂಡು ಕೂತಿರುವಾಗ ಅನ್ನ ಗಂಟಲಲ್ಲಿ ಇಳಿಯುವುದು ಹೇಗೆ? ಮರುದಿನ ಅಂಗಡಿಗೆ ಅರ್ಧ ದಿನ ರಜೆ ಹೇಳಿ, ಗಂಡನಿಗೆ ಹೇಳದೆ, ಕಂಪನಿಯ ಮೆಟ್ಟಿಲು ಹತ್ತಿದಳು.

ಇಂಜಿನಿಯರ್ ಮೇಡಂ ಪೂರ್ತಿ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಗಾಬರಿಗೊಂಡಿತು.

“ಅಂದ್ರೆ ಓದೋಕೆ ಬರದವರ ಕೈಗೆ ಇಷ್ಟು ವರ್ಷ ಲಿಫ್ಟು ಕೊಟ್ಟು ಕೂತಿದ್ವಾ ನಾವು? ಸುರಕ್ಷತೆಯ ಸೂಚನೆ ಒಂದನ್ನೂ ಅವರು ಓದಿಲ್ವಾ?”

“ಓದಿಲ್ಲ. ಕೇಳಿದ್ದಾರೆ. ಪ್ರತಿ ಪುಟ ನಾನು ಓದಿದ್ದೀನಿ, ಅವರು ಕಲ್ತಿದ್ದಾರೆ. ಹತ್ತೊಂಬತ್ತು ವರ್ಷದಲ್ಲಿ ಅವರ ಕೈಯಿಂದ ಒಂದು ತಪ್ಪಾಗಿದ್ರೆ ತೋರಿಸಿ ಮೇಡಂ. ಆಗಿದ್ದು ಇದೊಂದು, ಅದೂ ಓದೋಕೆ ಬರೋಳ ಕೈಯಿಂದ.”

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಮೇಸ್ತ್ರಿಗೆ ಹೇಳಿಕಳಿಸಿದರು. ಅವನು ಬಂದು ಬಾಗಿಲಲ್ಲಿ ನಿಂತ, ಒಳಗೆ ಕೂತ ಹೆಂಡತಿಯನ್ನು ಕಂಡ, ಎಲ್ಲ ಅರ್ಥವಾಯಿತು. ಮೇಡಂ ಸುರಕ್ಷತೆಯ ಪುಸ್ತಕ ತೆರೆದು ಅಲ್ಲೊಂದು ಇಲ್ಲೊಂದು ಹತ್ತು ಪ್ರಶ್ನೆ ಕೇಳಿದರು. ಒಂಬತ್ತಕ್ಕೆ ಅವನು ನೆಲ ನೋಡುತ್ತಲೇ ಸರಿಯಾಗಿ ಉತ್ತರ ಕೊಟ್ಟ. ಹತ್ತನೆಯದಕ್ಕೆ, “ಅದು ಗೊತ್ತಿಲ್ಲ ಮೇಡಂ. ಹೊಸದಾಗಿ ಸೇರಿಸಿರಬೇಕು. ಓದಿಸಿ ಕೇಳಬೇಕು,” ಎಂದ.

“ಹೌದು, ಹೋದ ತಿಂಗಳು ಸೇರಿಸಿದ್ದು,” ಎಂದು ಮೇಡಂ ಪುಸ್ತಕ ಮುಚ್ಚಿದರು. “ನನ್ನ ಅಕ್ಕನ ಮಗನಿಗೂ ಹೀಗೇ ಇತ್ತು. ಓದು ಯಾಕೆ ಬರಲ್ಲ ಅಂತ ಒಬ್ಬರು ಪರೀಕ್ಷೆ ಮಾಡ್ತಾರೆ, ಅವರ ಹತ್ರ ಹೋಗಿ ಬನ್ನಿ. ಆಮೇಲೆ ಮಾತಾಡೋಣ. ಹೆಂಡತಿ ಕೈಲಿ ವರದಿ ಬರೆಸೋದು ಮಾತ್ರ ಇವತ್ತಿಗೆ ಮುಗೀತು.”

ಮನೆಯ ಬಾಗಿಲು ತೆಗೆಯುವಾಗ ಅವನು, “ಗುಟ್ಟು ನನ್ನದು. ಹೇಳೋಕೆ ನೀನ್ಯಾರು?” ಎಂದ. ಒಳ್ಳೆಯದಕ್ಕೇ ಮಾಡಿದ್ದಾಗಿತ್ತು, ಆದರೂ ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಮೂರು ದಿನ ಅವನು ಹದಿನಾರು ವರ್ಷದ ಮಗಳ ಮೂಲಕವೇ ಮಾತಾಡಿದ. “ನಿಮ್ಮಮ್ಮನಿಗೆ ಹೇಳು, ಉಪ್ಪು ಕಡಿಮೆ.” “ನಿಮ್ಮಮ್ಮನನ್ನ ಕೇಳು, ಬೀಗದ ಕೈ ಎಲ್ಲಿ.” ಎದುರಿಗೇ ಕೂತ ತಾಯಿಗೆ ಅಪ್ಪನ ಮಾತು ದಾಟಿಸಿ ದಾಟಿಸಿ ಮಗಳಿಗೆ ಸಾಕಾಯಿತು. ಮೂರನೆಯ ದಿನ ತಟ್ಟೆ ತಳ್ಳಿ ಎದ್ದಳು.

“ಏನಾಗಿದೆ ನಿಮಗೆ? ಅಪ್ಪನಿಗೆ ಓದೋಕೆ ಬರಲ್ಲ ಅನ್ನೋ ವಿಷಯಕ್ಕೇ ತಾನೇ ಇಷ್ಟೆಲ್ಲ?”

ಇಬ್ಬರೂ ತಲೆಯೆತ್ತಿದರು.

“ನಿನಗೆ ಯಾರು ಹೇಳಿದ್ದು?” ಎಂದ ಮೇಸ್ತ್ರಿ.

“ಯಾರು ಹೇಳಬೇಕು? ಚಿಕ್ಕವಳಿದ್ದಾಗ ನೀವು ನನಗೆ ಕಥೆ ಪುಸ್ತಕ ಓದಿ ಹೇಳ್ತಿದ್ರಲ್ಲ, ಕರಡಿ ಹಡಗು ಕಟ್ಟಿದ್ದು. ಆರು ವರ್ಷಕ್ಕೆ ನಾನೇ ಓದಿ ನೋಡಿದೆ. ಅದರಲ್ಲಿ ಕರಡಿ ಹಡಗೂ ಕಟ್ಟಲ್ಲ, ಏನೂ ಕಟ್ಟಲ್ಲ. ಸುಮ್ಮನೆ ಹಲ್ಲುಜ್ಜಿ ಮಲಗುತ್ತೆ ಅಷ್ಟೇ.” ಅವಳು ನಕ್ಕಳು. “ನಿಮ್ಮ ಕಥೆನೇ ಚೆನ್ನಾಗಿತ್ತು. ಅದಕ್ಕೇ ಹೇಳಲಿಲ್ಲ. ಹೇಳಿದ್ರೆ ನಿಲ್ಲಿಸಿಬಿಡ್ತೀರ ಅಂತ.”

ಮೇಸ್ತ್ರಿ ತುತ್ತು ಕೈಯಲ್ಲಿ ಹಿಡಿದೇ ಕೂತ. ಹತ್ತು ವರ್ಷದಿಂದ ಮಗಳಿಗೆ ಗೊತ್ತು. ಹತ್ತು ವರ್ಷದಲ್ಲಿ ಒಂದು ದಿನವೂ ಅವಳು ತನ್ನನ್ನು ಕಡಿಮೆ ಮಾಡಿ ನೋಡಿಲ್ಲ. ಹೆಂಡತಿಯ ಕಡೆ ತಿರುಗಿ ನೇರವಾಗಿ, “ಸಾರು ಇನ್ನಷ್ಟು ಹಾಕು,” ಎಂದ.

ಪರೀಕ್ಷೆ ಮಾಡುವವರ ಕೋಣೆ ಗ್ರಂಥಾಲಯವೊಂದರ ಹಿಂಭಾಗದಲ್ಲಿತ್ತು. ಎರಡು ಕುರ್ಚಿ, ಒಂದು ಮೇಜು, ಗೋಡೆಯ ಮೇಲೆ ನಿಂತುಹೋದ ಗಡಿಯಾರ. ಪರೀಕ್ಷೆ ಮಾಡುವಾಕೆ ಮೇಸ್ತ್ರಿಯನ್ನು, “ಸ್ಕೂಲಿನಲ್ಲಿ ಏನು ಕಷ್ಟ ಆಗ್ತಿತ್ತು?” ಎಂದು ಕೇಳಿದರು. “ಅವರಿಗೆ ಒಂದನೇ ಕ್ಲಾಸಿನಿಂದಲೂ...” ಎಂದು ಹೆಂಡತಿ ಶುರುಮಾಡಿದಳು. “ಬರೆಯುವಾಗ ಹೇಗನ್ನಿಸುತ್ತೆ?” ಎಂದು ಕೇಳಿದರು. “ಅವರಿಗೆ ತಲೆನೋವು ಬರುತ್ತೆ,” ಎಂದಳು. ಮೂರನೆಯ ಪ್ರಶ್ನೆಗೂ ಅವಳದೇ ಉತ್ತರ. ಆಕೆ ನಗುತ್ತಲೇ, “ಅಮ್ಮಾ, ಸ್ವಲ್ಪ ಹೊತ್ತು ಹೊರಗೆ ಕೂತಿರ್ತೀರಾ?” ಎಂದರು.

ಹೊರಗಿನ ಬೆಂಚಿನ ಮೇಲೆ ಅವಳು ಎರಡು ಗಂಟೆ ಕೂತಳು. ಮೊದಲರ್ಧ ಗಂಟೆ ಅವಮಾನವೇ ಆಯಿತು. ತಾನಿಲ್ಲದೆ ಅವನು ಏನು ಹೇಳಿಯಾನು? ಒಳಗಿನಿಂದ ಗಂಡನ ದನಿ ಬಾಗಿಲು ದಾಟಿ ಬರುತ್ತಲೇ ಇತ್ತು. ಮಾತು ತಿಳಿಯುತ್ತಿರಲಿಲ್ಲ. ಆದರೆ ಅವನು ನಿಲ್ಲಿಸದೆ ಮಾತಾಡುತ್ತಿದ್ದ, ಲಿಫ್ಟಿನ ವಿಷಯ ಹೇಳುವಾಗ ಮಾತ್ರ ಬರುತ್ತಿದ್ದ ಆ ಓಘದಲ್ಲಿ. ಅವನ ಬದಲು ಬರೆಯುತ್ತ ಬರೆಯುತ್ತ ಅವನ ಬದಲು ಮಾತಾಡುವುದನ್ನೂ ಯಾವಾಗ ಕಲಿತೆ ಎಂದು ಅವಳು ಯೋಚಿಸಿದಳು. ನೆನಪಾಗಲಿಲ್ಲ.

ಅವನು ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದು ಅವಳ ಪಕ್ಕ ಕೂತ. ಕಣ್ಣು ಕೆಂಪಾಗಿತ್ತು.

“ಅದಕ್ಕೊಂದು ಹೆಸರಿದೆಯಂತೆ ಕಣೇ. ಡಿಸ್ಲೆಕ್ಸಿಯಾ.”

“ಕಾಯಿಲೆನಾ?”

“ಅಲ್ವಂತೆ. ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಕಣ್ಣಿಗೂ ಇಲ್ಲ. ಅಪ್ಪ ಎರಡು ಸಲ ಕನ್ನಡಕ ಹಾಕಿಸಿದ್ದು ದಂಡ. ಅಕ್ಷರನ ಶಬ್ದಕ್ಕೆ ಜೋಡಿಸೋ ಕೆಲಸ ನನ್ನ ತಲೆಯೊಳಗೆ ಬೇರೆ ಥರ ನಡೆಯುತ್ತಂತೆ, ನಿಧಾನಕ್ಕೆ. ಹುಟ್ಟಿನಿಂದಲೇ.”

“ವಾಸಿ ಆಗುತ್ತಂತಾ?”

“ಜ್ವರ ಅಲ್ಲ ವಾಸಿ ಆಗೋಕೆ. ಇರುತ್ತೆ. ಆದರೆ ಕಲಿಸೋ ರೀತಿಯಲ್ಲಿ ಕಲಿಸಿದ್ರೆ ಈ ವಯಸ್ಸಲ್ಲೂ ಓದು ಸುಧಾರಿಸುತ್ತಂತೆ. ಫೋನೇ ಓದಿ ಹೇಳೋ ಹಾಗೆ, ನಾನು ಹೇಳಿದ್ದನ್ನ ಅದೇ ಬರೆಯೋ ಹಾಗೆ ಮಾಡಬಹುದಂತೆ.” ಅವನು ಅಂಗೈ ನೋಡಿಕೊಂಡ. “ನಲವತ್ತಾರು ವರ್ಷ. ಸೋಮಾರಿ ಅಂತ ಸ್ಕೂಲಲ್ಲಿ ಬೆಂಚಿನ ಮೇಲೆ ನಿಲ್ಲಿಸ್ತಿದ್ರು. ನನಗೂ ಹಾಗೇ ಅನ್ನಿಸಿತ್ತು, ನಾನು ಸೋಮಾರಿನೇ ಇರಬೇಕು ಅಂತ. ಐದು ಗಂಟೆಗೆ ಎದ್ದು ಓದೋಕೆ ಕೂರ್ತಿದ್ದೆ, ಆಗಲೂ ಹಾಗೇ ಅನ್ನಿಸ್ತಿತ್ತು.”

ಅವಳು ಅವನ ಕೈ ಹಿಡಿದುಕೊಂಡಳು. ಕೆಲವರ ತಲೆಗೆ ಅಕ್ಷರ ಹತ್ತುವುದಿಲ್ಲ ಎಂದು ತಾನೂ ನಾಲ್ಕೇ ಸಂಜೆಗೆ ತೀರ್ಮಾನ ಮಾಡಿಬಿಟ್ಟಿದ್ದಳಲ್ಲ, ಅದನ್ನು ಹೇಳಬೇಕೆನ್ನಿಸಿತು. “ನಾನೂ ಕೈಬಿಟ್ಟೆ,” ಎಂದಳು.

“ನೀನು ಕೈಬಿಡಲಿಲ್ಲ. ಬಿಗಿಯಾಗಿ ಹಿಡಿದುಕೊಂಡುಬಿಟ್ಟೆ,” ಎಂದು ಅವನು ನಕ್ಕ. ಅದು ಬೈಗುಳವೋ ಹೊಗಳಿಕೆಯೋ ಅವಳಿಗೆ ಅಂದೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಕಂಪನಿ ಅವನನ್ನು ಮತ್ತೆ ಕೆಲಸಕ್ಕೆ ಕರೆಯಿತು. ಬರೆದ ವರದಿಯ ಬದಲು ಫೋನಿಗೆ ಬಾಯಲ್ಲಿ ಹೇಳಿ, ಅದು ಬರೆದದ್ದನ್ನು ಅದರ ಕೈಯಲ್ಲೇ ಮರಳಿ ಓದಿಸಿ, ಸರಿಯಿದ್ದರೆ ಕಳಿಸುವುದು ಎಂದಾಯಿತು. ನಿಲ್ಲಿಸಿದ ಲಿಫ್ಟನ್ನು ನಿಲ್ಲಿಸಿದವರನ್ನೇ ಕೇಳದೆ ಯಾರೂ ಚಾಲೂ ಮಾಡುವ ಹಾಗಿಲ್ಲ ಎಂಬ ನಿಯಮ ಎಲ್ಲರಿಗೂ ಬಂತು. ಮೊದಲ ವಾರ ಮೇಸ್ತ್ರಿಯ ವರದಿಗಳು ಮಾರುದ್ದ ಬಂದವು. “ಬಾಗಿಲು ಸರಿ ಮಾಡಿದೆ, ಆಮೇಲೆ ವಾಚ್‌ಮನ್ ಚಹಾ ಕೊಟ್ಟ, ಚಹಾ ಚೆನ್ನಾಗಿತ್ತು ಅನ್ನೋದೆಲ್ಲ ವರದೀಲಿ ಬೇಡ ಮೇಸ್ತ್ರಿ,” ಎಂದು ಇಂಜಿನಿಯರ್ ಮೇಡಂ ಫೋನು ಮಾಡಬೇಕಾಯಿತು.

ಸಂಗಡದವರು ಒಬ್ಬೊಬ್ಬರು ಒಂದೊಂದು ಮಾತಾಡಿದರು. ಕಳ್ಳತನದಲ್ಲಿ ಕೆಲಸ ಗಿಟ್ಟಿಸಿದ ಎಂದು ಒಬ್ಬ ಹಿಂದಿನಿಂದ ಅಂದ. ಉದ್ದಣ್ಣ ಬಂದು, ಕೆಟ್ಟ ಮನಸ್ಸಿನಿಂದಲ್ಲ, ಪತ್ರಿಕೆಯೊಂದನ್ನು ತಲೆಕೆಳಗಾಗಿ ಹಿಡಿದು, “ಹೀಗೆ ಹಿಡಿದ್ರೆ ನಿನಗೆ ನೆಟ್ಟಗೆ ಕಾಣುತ್ತಾ?” ಎಂದು ಕೇಳಿದ.

“ನನಗೂ ನಿನ್ನ ಹಾಗೇ ಕಾಣುತ್ತಪ್ಪ. ಕಾಣೋದು ಬೇರೆ, ಓದೋದು ಬೇರೆ. ನೀನು ಪತ್ರಿಕೆ ನೆಟ್ಟಗೆ ಹಿಡಿ, ನೋಡಿದವರು ನಿನ್ನನ್ನ ಪರೀಕ್ಷೆಗೆ ಕಳಿಸಿಯಾರು.”

“ಹಾಗಿದ್ರೆ ಇಂಥವರಿಗೆ ಬೇರೆ ಏನೋ ದೊಡ್ಡ ಶಕ್ತಿ ಇರುತ್ತಂತಲ್ಲ?”

“ಇದ್ದಿದ್ರೆ ಹನ್ನೊಂದು ಮಹಡಿ ಮೆಟ್ಟಿಲು ಹತ್ತಿ ಮಂಡಿ ನೋಯಿಸ್ಕೋತಿದ್ನಾ? ನಾನು ನಿನ್ನ ಹಾಗೇ ಒಬ್ಬ ಕಣಪ್ಪ. ಓದು ನಿಧಾನ, ಅಷ್ಟೇ.”

ಇದನ್ನೆಲ್ಲ ಅವನು ಮನೆಗೆ ಬಂದು ಹೇಳಿದಾಗ ಕತ್ತರಿಯಮ್ಮ ನಕ್ಕಳು. ನಗು ಮುಗಿದ ಮೇಲೆ ಏನೋ ಖಾಲಿ ಖಾಲಿ ಅನ್ನಿಸಿತು. ವಾರಕ್ಕೆ ಎರಡು ಸಂಜೆ ಅವನು ಗ್ರಂಥಾಲಯದ ಕೋಣೆಗೆ ಪಾಠಕ್ಕೆ ಹೋಗುತ್ತಿದ್ದ. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಚಹಾ ಕುಡಿಯುತ್ತಿದ್ದಳು. ಅವನು ಕಲಿಯುತ್ತಿರುವುದಕ್ಕೆ ಸಂತೋಷವೇ. ಆದರೆ ಬೆಳೆದ ಮಗು ಕೈಬಿಡಿಸಿಕೊಂಡು ಓಡಿದಾಗ ಆಗುವಂಥದ್ದು ಏನೋ ಒಂದು. ಹಾಗೆ ಹೋಲಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಗಂಡ ಮಗುವಲ್ಲ. ಯಾವತ್ತೂ ಆಗಿರಲಿಲ್ಲ. ಅವನು ಪದವೊಂದಕ್ಕೆ ತಡವರಿಸಿದಾಗ ಅವಳ ಬಾಯಿಗೆ ಉತ್ತರ ಬಂದುಬಿಡುತ್ತಿತ್ತು. ಅದನ್ನು ನುಂಗಿಕೊಳ್ಳುವುದು ಅವಳ ಪಾಲಿನ ಪಾಠವಾಯಿತು. ಅವನ ಪಾಠಕ್ಕಿಂತ ಅದೇನೂ ಸುಲಭವಾಗಿರಲಿಲ್ಲ.

ವರ್ಷ ತಿರುಗುವಷ್ಟರಲ್ಲಿ ಅವಳಿಗೆ ಹತ್ತಿರದ ದಾರ ಮಸುಕಾಗತೊಡಗಿತು. ಗಂಡನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋದಳು. ನರ್ಸು ಕಣ್ಣಿಗೆ ಹನಿ ಹಾಕಿದಳು. ಕಾಲು ಗಂಟೆಯಲ್ಲಿ ಲೋಕವೆಲ್ಲ ಮಂಜು ಹಿಡಿದ ಕನ್ನಡಿಯಾಯಿತು. ಆಗ ಕೌಂಟರಿನವನು ಎರಡು ಪುಟದ ಒಂದು ಫಾರಂ ಮುಂದಿಟ್ಟು, “ಇದನ್ನ ತುಂಬಿಸಿ ಬೇಗ ಕೊಡಿ, ಡಾಕ್ಟರು ಕರೀತಾರೆ,” ಎಂದ.

ಅವಳ ಕೈ ತಾನಾಗಿ ಪೆನ್ನಿನ ಕಡೆ ಹೋಯಿತು. ಮೇಸ್ತ್ರಿ ಅಷ್ಟರಲ್ಲಿ ಪೆನ್ನು ತೆಗೆದುಕೊಂಡಿದ್ದ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಮೊದಲನೆಯ ಪ್ರಶ್ನೆ ಓದಿದ. ಹಿಂದೆ ಸಾಲಿನಲ್ಲಿ ನಿಂತವರು ಕಾಲು ಬದಲಿಸಿದರು. ಒಬ್ಬರು ಗಂಟಲು ಸರಿಮಾಡಿಕೊಂಡರು.

“ಸ್ವಾಮಿ, ಸ್ವಲ್ಪ ಬೇಗ,” ಎಂದ ಕೌಂಟರಿನವನು. “ಕೊಡಿ, ನಾನೇ ಬರೀತೀನಿ.”

“ನನಗೆ ಡಿಸ್ಲೆಕ್ಸಿಯಾ ಇದೆ,” ಎಂದ ಮೇಸ್ತ್ರಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಷ್ಟು ಸಹಜವಾಗಿ. “ಓದೋದು ನಿಧಾನ. ಪಕ್ಕಕ್ಕೆ ನಿಂತು ಬರೀತೀನಿ, ಮುಂದಿನವರನ್ನ ಕರೀರಿ.”

ಅವನು ಕಿಟಕಿಯ ಕಟ್ಟೆಯ ಮೇಲೆ ಫಾರಂ ಹರಡಿಕೊಂಡ. ಒಂದು ಕಡೆ ತಡೆದು, ಫೋನನ್ನು ಅದರ ಮೇಲೆ ಹಿಡಿದು, ಅದು ಓದಿದ್ದನ್ನು ಕಿವಿಗಿಟ್ಟು ಕೇಳಿಸಿಕೊಂಡು ಮುಂದೆ ಹೋದ. ಒಂದು ಪದ ಹೊಡೆದುಹಾಕಿ ಮತ್ತೆ ಬರೆದ. ಅವಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಪೆನ್ನಿನ ಸದ್ದು ನಿಂತಾಗಲೆಲ್ಲ ಅವಳ ನಾಲಿಗೆ ತುದಿಗೆ ಮಾತು ಬರುತ್ತಿತ್ತು; ಅವಳು ಆಡಲಿಲ್ಲ.

“ಈ ಮೊದಲು ಕಣ್ಣಿಗೆ ಏನಾದ್ರೂ ಆಪರೇಷನ್ ಆಗಿದೆಯಾ ಅಂತ ಕೇಳಿದಾರೆ,” ಎಂದ ಅವನು.

“ಇಲ್ಲ.”

“ಇಲ್ಲ,” ಎಂದು ಹೇಳಿಕೊಳ್ಳುತ್ತ ಬರೆದ. ಕೆಳಗೆ ರುಜು ಹಾಕುವ ಜಾಗಕ್ಕೆ ಅವಳ ಬೆರಳನ್ನು ಹಿಡಿದು ಇಟ್ಟು ತೋರಿಸಿದ. ಅವಳು ಕಾಣದ ಕಣ್ಣಿನಲ್ಲೇ ರುಜು ಹಾಕಿದಳು. ಕೌಂಟರಿನವನು ಫಾರಮ್ಮಿನ ಮೇಲೆ ಕಣ್ಣಾಡಿಸಿ, ಮುದ್ರೆ ಒತ್ತಿ, ಬೇರೆಯವರ ಫಾರಂಗಳ ಮೇಲೆ ಅದನ್ನೂ ಇಟ್ಟ. ಒಳಗಿನಿಂದ ಅವಳ ಸರದಿ ಕೂಗಿದರು. ಮೇಸ್ತ್ರಿ ಅವಳ ಮೊಣಕೈ ಹಿಡಿದು, “ಇಲ್ಲೊಂದು ಹೊಸಲಿದೆ, ಕಾಲೆತ್ತು,” ಎಂದ.